ಬಡಗಿಯ ಕರ್ತೃತ್ವ: ಸ್ವಂತ ಕೈಯಿಂದ ಕಟ್ಟಿದ ಕಸರತ್ತು ವಿಮಾನ ಎತ್ತುವ ಪ್ರಶ್ನೆ

ಒಂದು ವಸ್ತುವನ್ನು ರೂಪಿಸಿದವನು ಆ ವಸ್ತು ಮುಂದೆ ನಡೆಸುವ ಕ್ರಿಯೆಗೂ ಕರ್ತೃವಾಗುತ್ತಾನೆಯೇ, ಆಗುವುದಾದರೆ ಅದರ ಫಲದಲ್ಲಿ ಅವನಿಗೆ ಸಲ್ಲುವ ಪಾಲು ಯಾವುದು ಎಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಯಜ್ಞದ ಪ್ರಸಂಗದಲ್ಲಿ ಒಂದು ಬಗೆಯಾಗಿಯೂ ಜೀವಾತ್ಮನ ಸ್ವಾತಂತ್ರ್ಯದ ಪ್ರಸಂಗದಲ್ಲಿ ಇನ್ನೊಂದು ಬಗೆಯಾಗಿಯೂ ಚರ್ಚೆಗೆ ಬಂದಿದೆ. ಇದೇ ಪ್ರಶ್ನೆ ಇಪ್ಪತ್ತನೆಯ ಶತಮಾನದಲ್ಲಿ, ದರ್ಶನಶಾಸ್ತ್ರದೊಂದಿಗೆ ಯಾವ ನಂಟೂ ಇಲ್ಲದ ಒಂದು ಕ್ರೀಡೆಯಲ್ಲಿ ನಿಯಮದ ರೂಪ ತಾಳಿತು. ವಿಮಾನದ ಮಾದರಿಗಳನ್ನು ಹಾರಿಸುವ ಸ್ಪರ್ಧೆಗಳಲ್ಲಿ ಹಾರಿಸುವವನೇ ಅದನ್ನು ಕಟ್ಟಿದವನೂ ಆಗಿರಬೇಕು ಎಂಬ ಕಟ್ಟಳೆ ಬಹುಕಾಲ ನಡೆದು ಬಂದಿತ್ತು. ರೇಡಿಯೋ ನಿಯಂತ್ರಿತ ಕಸರತ್ತು ವಿಮಾನಗಳ ವರ್ಗದಲ್ಲಿ ಇಂದು ಆ ಕಟ್ಟಳೆ ಇಲ್ಲ. ಹಣ ಕೊಟ್ಟು ತರಿಸಿಕೊಂಡ ವಿಮಾನದಿಂದಲೂ ವಿಶ್ವ ಚಾಂಪಿಯನ್ ಆಗಬಹುದು. ತಂತಿಯ ಆಸರೆಯಲ್ಲಿ ವೃತ್ತಾಕಾರವಾಗಿ ಹಾರುವ ಕಸರತ್ತು ಮಾದರಿಗಳ ಅಮೆರಿಕದ ಸ್ಪರ್ಧೆಗಳಲ್ಲಿ ಮಾತ್ರ ಅದು ಬಹಳ ಕಾಲ ಬಿಗಿಯಾಗಿ ಉಳಿದುಕೊಂಡಿತು, ಅಲ್ಲಿ ಹಾರಾಟದ ಜೊತೆಗೆ ವಿಮಾನದ ಅಂದಕ್ಕೂ ಅಂಕ ಕೊಡುವ ಪದ್ಧತಿ ಬೆಳೆಯಿತು. ಕಟ್ಟಳೆಯನ್ನು ತೆಗೆದದ್ದು ಸರಿಯೇ ತಪ್ಪೇ ಎಂಬುದು ಕ್ರೀಡಾಡಳಿತದ ವಿಷಯವಾಗಿ ಕಂಡರೂ ಅದರ ಬುಡದಲ್ಲಿರುವುದು ಕರ್ಮ ಮತ್ತು ಕರ್ತೃಗಳ ಸಂಬಂಧದ ಪ್ರಶ್ನೆಯೇ.

ಇಲ್ಲಿ ಹೇಳುತ್ತಿರುವ ವಿಮಾನದ ಪರಿಚಯ ಮೊದಲು ಅಗತ್ಯ. ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟವಾದ ಎಫ್‌ಎಐ ಈ ವರ್ಗವನ್ನು ಎಫ್3ಎ ಎಂದು ಕರೆಯುತ್ತದೆ. ರೆಕ್ಕೆಯ ತುದಿಯಿಂದ ತುದಿಗೆ 2 ಮೀಟರ್, ಮೂಗಿನಿಂದ ಬಾಲಕ್ಕೆ 2 ಮೀಟರ್, ತೂಕ 5 ಕಿಲೋ, ಇವು ದಶಕಗಳ ಕಾಲ ಜಾರಿಯಲ್ಲಿದ್ದ ಗರಿಷ್ಠ ಮಿತಿಗಳು. ಚಾಲಕನು ನೆಲದ ಮೇಲೆ ನಿಂತು, ಕೈಯಲ್ಲಿರುವ ಟ್ರಾನ್ಸ್‌ಮಿಟರ್‌ನ ಎರಡು ಸ್ಟಿಕ್‌ಗಳ ಮೂಲಕ, ತನ್ನಿಂದ ಸುಮಾರು 150 ಮೀಟರ್ ಆಚೆ ಹಾರುತ್ತಿರುವ ವಿಮಾನದಿಂದ ಮೊದಲೇ ಗೊತ್ತುಮಾಡಿದ ಕಸರತ್ತುಗಳನ್ನು ಗೊತ್ತಾದ ಅನುಕ್ರಮದಲ್ಲಿ ಮಾಡಿಸುತ್ತಾನೆ. ತೀರ್ಪುಗಾರರು ಒಂದೊಂದಕ್ಕೂ ಹತ್ತರೊಳಗೆ ಅಂಕ ಕೊಡುತ್ತಾರೆ, ಆ ಅಂಕವನ್ನು ಕಸರತ್ತಿನ ಕಠಿಣತೆಗೆ ತಕ್ಕ ಗುಣಕದಿಂದ ಗುಣಿಸಲಾಗುತ್ತದೆ. ರೇಖೆ ಸುಮಾರು 15 ಡಿಗ್ರಿ ಓರೆಯಾದರೆ ಒಂದು ಅಂಕ ಹೋಯಿತು ಎಂಬುದು ತೀರ್ಪಿನ ಸ್ಥೂಲ ಅಳತೆ. ಗಾಳಿ ಬೀಸುತ್ತಿರುವಾಗ ನೇರವಾದ ದಾರಿ ಹಿಡಿಯಲು ವಿಮಾನವು ಮೂಗನ್ನು ಓರೆ ಮಾಡಿಕೊಂಡೇ ಸಾಗಬೇಕಾಗುತ್ತದೆ, ಆದರೆ ಬಹುಪಾಲು ಕಸರತ್ತುಗಳಲ್ಲಿ ತೀರ್ಪುಗಾರರು ನೋಡುವುದು ವಿಮಾನ ಯಾವ ಕಡೆ ಮುಖ ಮಾಡಿದೆ ಎಂಬುದನ್ನಲ್ಲ, ಅದು ಆಕಾಶದಲ್ಲಿ ಸಾಗಿದ ಪಥವನ್ನು. ಹೀಗೆ ಅಂಕ ಬೀಳುವುದು ಪಥಕ್ಕೆ. ಚಾಲಕನ ಬೆರಳೂ ಕಟ್ಟಿದವನ ಕೈಯೂ ಆ ಪಥದ ಹಿಂದೆ ಕಾಣದೆ ಉಳಿಯುತ್ತವೆ.

ಫಲವು ಮಾಡಿದವನಿಗೇ ಸಲ್ಲಬೇಕೆಂಬ ತತ್ತ್ವವನ್ನು ನ್ಯಾಯ, ಮೀಮಾಂಸೆ, ಜೈನ ದರ್ಶನಗಳು ಎರಡು ದೋಷಗಳ ಮೂಲಕ ಹೇಳುತ್ತವೆ. ಮಾಡಿದ್ದು ಫಲ ಕೊಡದೆ ನಾಶವಾಗುವುದು ಕೃತಹಾನಿ, ಮಾಡದೇ ಇದ್ದದ್ದರ ಫಲ ಬಂದು ಒದಗುವುದು ಅಕೃತಾಭ್ಯಾಗಮ. ಈ ಎರಡಕ್ಕೂ ಎಡೆಕೊಡುವ ಯಾವ ಸಿದ್ಧಾಂತವೂ ನಿಲ್ಲದು ಎಂಬುದು, ಎಲ್ಲವೂ ಕ್ಷಣಮಾತ್ರ ಇರುತ್ತದೆ ಎನ್ನುವ ಬೌದ್ಧರ ಕ್ಷಣಿಕವಾದದ ವಿರುದ್ಧ ಹೂಡಿದ ಪ್ರಬಲ ವಾದ. ಹಾರಿಸುವವನೇ ಕಟ್ಟಿದವನಾಗಿರಬೇಕು ಎಂದವರು ಈ ಪಾರಿಭಾಷಿಕ ಪದಗಳನ್ನು ಅರಿಯದಿದ್ದರೂ ಅವರ ಆಕ್ಷೇಪ ಇದೇ ಆಗಿತ್ತು: ಬೇರೊಬ್ಬನ ಕೈಚಳಕದಿಂದ ನೇರವಾಗಿ ಹಾರುವ ವಿಮಾನಕ್ಕೆ ಬಂದ ಅಂಕ ಹಾರಿಸಿದವನ ಹೆಸರಿಗೆ ಬಿದ್ದರೆ ಒಬ್ಬನಿಗೆ ಕೃತಹಾನಿ, ಇನ್ನೊಬ್ಬನಿಗೆ ಅಕೃತಾಭ್ಯಾಗಮ.

ಆದರೆ ಈ ಆಕ್ಷೇಪಕ್ಕೆ ಮೀಮಾಂಸಕರಲ್ಲೇ ಉತ್ತರವಿದೆ, ಮತ್ತು ಆ ಉತ್ತರದ ಸೂಕ್ಷ್ಮತೆ ಮೆಚ್ಚತಕ್ಕದ್ದು. ಜೈಮಿನಿಯ ಸೂತ್ರಗಳ ಮೂರನೆಯ ಅಧ್ಯಾಯದಲ್ಲಿ ಈ ವಿಷಯ ವಿಚಾರಕ್ಕೆ ಬರುತ್ತದೆ. ಶಾಸ್ತ್ರೋಕ್ತ ಕರ್ಮದ ಫಲ ಅನುಷ್ಠಾನ ಮಾಡಿದವನಿಗೆ ಸೇರುವುದಾದ್ದರಿಂದ ಯಜಮಾನನೇ ಯಾಗದ ಎಲ್ಲ ಅಂಗಗಳನ್ನೂ ಸ್ವತಃ ಮಾಡಬೇಕು ಎಂಬುದು ಅಲ್ಲಿ ಪೂರ್ವಪಕ್ಷ, ಅಂದರೆ ಖಂಡಿಸಲಿಕ್ಕಾಗಿ ಮೊದಲು ಮುಂದಿಡುವ ವಾದ. ಸಿದ್ಧಾಂತ ಬೇರೆ: ದ್ರವ್ಯವನ್ನು ದೇವತೆಗಾಗಿ ಬಿಟ್ಟುಕೊಡುವ ತ್ಯಾಗ ಯಜಮಾನನದೇ ಆಗಬೇಕು, ಉಳಿದ ಕೆಲಸಗಳನ್ನು ಋತ್ವಿಜರು, ಅಂದರೆ ಯಾಗದ ಪುರೋಹಿತರು, ಮಾಡಬಹುದು, ಏಕೆಂದರೆ ದಕ್ಷಿಣೆ ಕೊಟ್ಟು ಅವರನ್ನು ನಿಯೋಜಿಸಿಕೊಳ್ಳುವುದನ್ನು ಶಾಸ್ತ್ರವೇ ವಿಧಿಸಿದೆ. ಈ ನಿಯೋಜನೆಗೆ ಪರಿಕ್ರಯ ಎಂದು ಹೆಸರು. ದಕ್ಷಿಣೆ ಪಡೆದ ಋತ್ವಿಜನಿಗೆ ಅವನ ಪಾಲು ಸಂದಾಯವಾಯಿತು, ಸ್ವರ್ಗಾದಿ ಫಲ ಯಜಮಾನನದು, ಹಾಗಾಗಿ ಕೃತಹಾನಿಯೂ ಇಲ್ಲ, ಅಕೃತಾಭ್ಯಾಗಮವೂ ಇಲ್ಲ. ಈ ನೋಟದಲ್ಲಿ ವಿಮಾನವನ್ನು ಕೊಂಡು ಹಾರಿಸುವವನು ಪರಿಕ್ರಯ ಮಾಡಿದ ಯಜಮಾನ, ಅವನ ಗೆಲುವು ನ್ಯಾಯವಾಗಿಯೇ ಅವನದು. ಇದಕ್ಕೆ ಎದುರಾಗಿ ಸತ್ರವೆಂಬ ದೀರ್ಘಯಾಗವಿದೆ. ಅಲ್ಲಿ ಕನಿಷ್ಠ 17 ಮಂದಿ ಸೇರುತ್ತಾರೆ, ಎಲ್ಲರೂ ಯಜಮಾನರೇ, ಎಲ್ಲರೂ ಋತ್ವಿಜರೇ, ಕೊಡುವವನೂ ಪಡೆಯುವವನೂ ಒಬ್ಬನೇ ಆದ್ದರಿಂದ ದಕ್ಷಿಣೆಯ ಮಾತೇ ಬರುವುದಿಲ್ಲ. ತಾನೇ ನಕ್ಷೆ ಬರೆದು ತಾನೇ ಕಟ್ಟಿ ತಾನೇ ಹಾರಿಸುವವನ ಸ್ಥಿತಿ ಸತ್ರಕ್ಕೆ ಹತ್ತಿರವಾದದ್ದು. ಮೀಮಾಂಸೆ ಎರಡು ಮಾರ್ಗಗಳನ್ನೂ ಒಪ್ಪಿದೆ, ಒಂದನ್ನು ಮೇಲೆಂದು ಎಣಿಸಿಲ್ಲ. ಆದರೂ ದೀಕ್ಷೆಯ ಕಾಲದ ಕೇಶವಪನ, ಹಾಲನ್ನಷ್ಟೇ ಸೇವಿಸುವ ವ್ರತ ಮುಂತಾದ ಸಂಸ್ಕಾರಗಳನ್ನು ದಕ್ಷಿಣೆ ಕೊಟ್ಟು ಇನ್ನೊಬ್ಬನಿಂದ ಮಾಡಿಸುವಂತಿಲ್ಲ, ಅವು ಯಜಮಾನನ ದೇಹಕ್ಕೇ ಆಗಬೇಕು. ಹಾಗಾದರೆ ಕಸರತ್ತು ವಿಮಾನದ ನಿರ್ಮಾಣದಲ್ಲಿ ಕೊಂಡುಕೊಳ್ಳಲಾಗದ, ಕಟ್ಟುವವನಿಗೇ ಆಗಬೇಕಾದ ಸಂಸ್ಕಾರ ಯಾವುದಾದರೂ ಇದೆಯೇ?

ಇದಕ್ಕೆ ಉತ್ತರ ಹುಡುಕಲು ನಿರ್ಮಾಣದ ಒಳಕ್ಕೆ ಇಳಿಯಬೇಕು. ಕಲಿಯುವವರಿಗಾಗಿ ಮಾಡಿದ ವಿಮಾನದಲ್ಲಿ ರೆಕ್ಕೆ ಒಡಲಿನ ಮೇಲ್ಗಡೆ ಇರುತ್ತದೆ, ಅದರ ತುದಿಗಳು ಮೇಲಕ್ಕೆ ಬಾಗಿರುತ್ತವೆ, ಅದರ ಅಡ್ಡಕೊಯ್ತ ಕೆಳಗೆ ಚಪ್ಪಟೆಯಾಗಿ ಮೇಲೆ ಉಬ್ಬಿರುತ್ತದೆ; ಕೈಬಿಟ್ಟರೆ ಅದು ತಾನಾಗಿ ಸಮಸ್ಥಿತಿಗೆ ಮರಳುತ್ತದೆ, ಅಂದರೆ ಅದಕ್ಕೆ ತನ್ನದೇ ಆದ ಒಲವಿದೆ. ಸ್ಪರ್ಧೆಯ ಕಸರತ್ತು ವಿಮಾನದ ವಿನ್ಯಾಸಕ ಈ ಒಲವನ್ನೇ ತೊಡೆದುಹಾಕಲು ಶ್ರಮಿಸುತ್ತಾನೆ. ಅವನು ರೆಕ್ಕೆಯ ಅಡ್ಡಕೊಯ್ತವನ್ನು ಮೇಲೂ ಕೆಳಗೂ ಒಂದೇ ಆಕಾರದಲ್ಲಿ ಬರೆಯುತ್ತಾನೆ, ರೆಕ್ಕೆಗೂ ಬಾಲದ ಅಡ್ಡರೆಕ್ಕೆಗೂ ನಡುವೆ ಕೋನದ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ ಮಾಡುತ್ತಾನೆ, ಮೋಟಾರು ಎಳೆಯುವ ರೇಖೆಯನ್ನೂ ರೆಕ್ಕೆಯನ್ನೂ ಒಂದಕ್ಕೊಂದು ಸಮೀಪ ಇಡುತ್ತಾನೆ. ಮಗುಚಿ ಹಾರಿದರೂ ನೆಟ್ಟಗೆ ಹಾರಿದರೂ ಅದು ಒಂದೇ ರೀತಿ ವರ್ತಿಸಬೇಕು. ಮೇಲೆ ತಿರುಗಿಸಿದರೆ ಮೇಲೆ, ಅಲ್ಲೇ ಬಿಟ್ಟರೆ ಬಿಟ್ಟ ದಿಕ್ಕಿನಲ್ಲೇ ಮುಂದೆ, ಅದಕ್ಕೆ ಸ್ವಂತ ಇಷ್ಟಾನಿಷ್ಟ ಇರಬಾರದು. ಗೀತೆ ಹೇಳುವ ಉದಾಸೀನತೆ, ಅಂದರೆ ದ್ವಂದ್ವಗಳ ನಡುವೆ ಯಾವ ಕಡೆಗೂ ವಾಲದೆ ಇರುವ ಸ್ಥಿತಿ, ಜಡವಸ್ತುವಿನಲ್ಲಿ ಸಾಧ್ಯವಾಗುವುದಾದರೆ ಅದು ಹೀಗೆಯೇ ಇರಬಹುದು. ಈ ಉದಾಸೀನತೆಗೆ ಕರುಣೆ ಇಲ್ಲ ಎಂಬುದನ್ನೂ ಗಮನಿಸಬೇಕು: ಚಾಲಕ ತಪ್ಪಿದರೆ ಕಲಿಕೆಯ ವಿಮಾನ ಅವನನ್ನು ಕಾಪಾಡುತ್ತದೆ, ಕಸರತ್ತು ವಿಮಾನ ತಪ್ಪನ್ನು ತಪ್ಪಾಗಿಯೇ ಆಕಾಶದಲ್ಲಿ ಬರೆಯುತ್ತದೆ.

ಒಲವನ್ನು ತೊಡೆಯುವುದು ನಕ್ಷೆಯ ಮೇಲೆ ಸುಲಭ, ವಸ್ತುವಿನಲ್ಲಿ ಕಷ್ಟ. ಪ್ರೊಪೆಲರ್ ಒಂದು ದಿಕ್ಕಿಗೆ ತಿರುಗುವಾಗ ಒಡಲು ಅದರ ವಿರುದ್ಧ ದಿಕ್ಕಿಗೆ ಹೊರಳಲು ನೋಡುತ್ತದೆ. ಪ್ರೊಪೆಲರ್ ಹಿಂದಕ್ಕೆ ತಳ್ಳಿದ ಗಾಳಿ ಸುರುಳಿಯಾಗಿ ಸುತ್ತಿ ಬಂದು ಬಾಲದ ಲಂಬ ರೆಕ್ಕೆಯ ಒಂದು ಮಗ್ಗುಲಿಗೆ ಬಡಿದು ಮೂಗನ್ನು ಎಡಕ್ಕೆ ತಿರುಗಿಸುತ್ತದೆ. ಇದಕ್ಕಾಗಿ ಮೋಟಾರನ್ನು ಎರಡು ಮೂರು ಡಿಗ್ರಿ ಬಲಕ್ಕೆ ಓರೆಯಾಗಿ ಕೂರಿಸುವುದು ಹಳೆಯ ಉಪಾಯ. ಒಂದೇ ಅಕ್ಷದ ಮೇಲೆ ಎದುರುಬದುರು ದಿಕ್ಕಿಗೆ ತಿರುಗುವ ಜೋಡಿ ಪ್ರೊಪೆಲರ್ ಹಾಕುವುದು ಇತ್ತೀಚಿನ ಉಪಾಯ, ಅದು ದೋಷವನ್ನು ಹುಟ್ಟುವಲ್ಲೇ ಅಳಿಸುತ್ತದೆ. ಚಾಕುವಿನ ಅಲಗಿನಂತೆ ರೆಕ್ಕೆಯನ್ನು ಲಂಬವಾಗಿ ನಿಲ್ಲಿಸಿ ಬಾಲದ ಲಂಬ ರೆಕ್ಕೆಯ ಚಲಿಸುವ ಭಾಗವಾದ ರಡ್ಡರ್ ಒಂದರ ಬಲದಿಂದ ಎತ್ತರ ಕಾಯ್ದುಕೊಂಡು ಹಾರುವ ಕಸರತ್ತಿನಲ್ಲಿ, ರೆಕ್ಕೆ ಮತ್ತು ಬಾಲದ ಎತ್ತರಗಳು ಹೊಂದದಿದ್ದರೆ, ವಿಮಾನ ತನ್ನ ಬೆನ್ನಿನ ಕಡೆಗೋ ಹೊಟ್ಟೆಯ ಕಡೆಗೋ ಜಾರುತ್ತದೆ. ಇಂತಹ ಜಾರಿಕೆಯನ್ನು ಟ್ರಾನ್ಸ್‌ಮಿಟರ್‌ನೊಳಗಿನ ಕಂಪ್ಯೂಟರ್‌ನಲ್ಲಿ ಮುಚ್ಚಬಹುದು, ರಡ್ಡರ್ ಕೊಟ್ಟಾಗಲೆಲ್ಲ ಬಾಲದ ಅಡ್ಡರೆಕ್ಕೆಯ ಚಲಿಸುವ ಭಾಗವಾದ ಎಲಿವೇಟರ್ ತುಸು ತಾನಾಗಿ ಬೆರೆಯುವಂತೆ ಮಾಡಬಹುದು. ಇಲ್ಲವೇ ಒಡಲಿಗೇ ಹಿಂತಿರುಗಿ, ಬಾಲದ ಎತ್ತರವನ್ನೋ ರೆಕ್ಕೆಯ ಬಾಗನ್ನೋ ಬದಲಿಸಿ, ಕಾರಣವನ್ನೇ ನೀಗಬಹುದು. ಗೀತೆಯ ಮೂರನೆಯ ಅಧ್ಯಾಯ ಪ್ರಾಣಿಗಳು ತಮ್ಮ ಪ್ರಕೃತಿಯನ್ನು ಅನುಸರಿಸುವಾಗ ನಿಗ್ರಹ ಏನು ತಾನೇ ಮಾಡೀತು ಎಂದು ಕೇಳುವುದುಂಟು. ನಿಗ್ರಹಕ್ಕೂ ವಾಸನಾಕ್ಷಯಕ್ಕೂ, ಅಂದರೆ ಒಲವನ್ನು ಅದುಮಿಡುವುದಕ್ಕೂ ಬೇರುಸಹಿತ ಕೀಳುವುದಕ್ಕೂ ಇರುವ ಅಂತರ ಇಲ್ಲಿ ಅಳತೆಗೆ ಸಿಗುವಷ್ಟು ಸ್ಪಷ್ಟ. ಕೊಂಡ ವಿಮಾನವನ್ನು ಹಾರಿಸುವವನಿಗೆ ಸಾಮಾನ್ಯವಾಗಿ ನಿಗ್ರಹದ ದಾರಿ ಮಾತ್ರ ತೆರೆದಿರುತ್ತದೆ, ಏಕೆಂದರೆ ಅಚ್ಚಿನಲ್ಲಿ ಎರೆದು ಬಂದ ಒಡಲಿನ ಅನುಪಾತಗಳು ಅವನ ಕೈಮೀರಿದವು.

ತೂಕದ ವಿಷಯ ಇನ್ನೂ ಕಠಿಣ. ವಿದ್ಯುತ್ ಚಾಲಿತ ವಿಮಾನದಲ್ಲಿ ಬ್ಯಾಟರಿಯೊಂದೇ ಒಂದು ಕಿಲೋ ಮೀರುತ್ತದೆ. ಮೋಟಾರು, ರೆಕ್ಕೆಯಂಚುಗಳನ್ನು ಸರಿಸುವ ಸರ್ವೊಗಳು, ಚಕ್ರಗಳು ತಮ್ಮ ಪಾಲು ಕೇಳುತ್ತವೆ. ಎರಡು ಮೀಟರ್ ಗಾತ್ರದ ಒಡಲು ರೆಕ್ಕೆಗಳಿಗೆ ಉಳಿಯುವುದು ಅಲ್ಪ. ಆದ್ದರಿಂದ ಕಟ್ಟುವವನು ಈಕ್ವೆಡಾರ್‌ನಿಂದ ಬರುವ ಬಾಲ್ಸಾ ಮರದ ತೆಳು ಹಲಗೆಗಳನ್ನು ಒಂದೊಂದಾಗಿ ತೂಗಿ ಆರಿಸುತ್ತಾನೆ. ಒಂದು ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ, ಒಂದೂವರೆ ಮಿಲಿಮೀಟರ್ ದಪ್ಪದ ಎರಡು ಹಲಗೆಗಳು ಕಣ್ಣಿಗೆ ಒಂದೇ ಆಗಿ ಕಂಡರೂ ಒಂದು 15 ಗ್ರಾಂ, ಇನ್ನೊಂದು 25 ಗ್ರಾಂ ತೂಗಬಹುದು. ಹಗುರವಾದದ್ದು ಬಾಲಕ್ಕೆ ಹೋಗಬೇಕು, ಏಕೆಂದರೆ ಗುರುತ್ವ ಕೇಂದ್ರದಿಂದ ಬಾಲ ದೂರ, ಮೂಗು ಹತ್ತಿರ, ಬಾಲದಲ್ಲಿ ಒಂದು ಗ್ರಾಂ ಹೆಚ್ಚಾದರೆ ಅದನ್ನು ಸರಿದೂಗಿಸಲು ಮೂಗಿನಲ್ಲಿ ಹಲವು ಗ್ರಾಂ ಸೇರಿಸಬೇಕು. ಕಾಯಿಸಿದ ತಂತಿಯಿಂದ ಕತ್ತರಿಸಿದ ಫೋಮ್ ತಿರುಳಿಗೆ ಈ ಹಲಗೆಗಳನ್ನು ಅಂಟಿಸಿ, ಉಪ್ಪುಕಾಗದ ಹಿಡಿದು ರೆಕ್ಕೆಯ ಮುಂಚೂಣಿಯ ಅಂಚನ್ನು ತೀಡುವಾಗ, ಎಡ ರೆಕ್ಕೆಯ ಅಂಚು ಬಲ ರೆಕ್ಕೆಗಿಂತ ತುಸು ಚೂಪಾದರೂ ಒಂದು ಕಡೆ ಗಾಳಿ ಬೇಗ ಕಳಚಿಕೊಳ್ಳುತ್ತದೆ, ವಿಮಾನ ಬಿಗಿಯಾದ ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲುತ್ತದೆ. ತೀಡುವ ಕೈ ನಿಂತ ಕ್ಷಣದಲ್ಲಿ ಮಾಡಿದ ನಿರ್ಧಾರ ತಿಂಗಳುಗಳ ನಂತರ ಆಕಾಶದಲ್ಲಿ ಒಂದು ರೇಖೆಯ ಡೊಂಕಾಗಿ ಎದುರು ನಿಲ್ಲುತ್ತದೆ. ಕಟ್ಟಿದ ಮೇಲಿನ ಪರೀಕ್ಷೆಯೂ ಇದೇ ನೇರದ್ದು: ಮೋಟಾರು ತಗ್ಗಿಸಿ ವಿಮಾನವನ್ನು ಎತ್ತರದಿಂದ ಲಂಬವಾಗಿ ಕೆಳಕ್ಕೆ ಬಿಟ್ಟು, ಸ್ಟಿಕ್ ಮುಟ್ಟದೆ ನೋಡಬೇಕು, ಬೆನ್ನ ಕಡೆ ಎಳೆಯಿತೋ ಹೊಟ್ಟೆಯ ಕಡೆ ಎಳೆಯಿತೋ, ಆಮೇಲೆ ಮಗುಚಿದ ಸ್ಥಿತಿಯಲ್ಲಿ 45 ಡಿಗ್ರಿ ಏರುರೇಖೆಯಲ್ಲಿ ಬಿಟ್ಟು ಮೂಗು ಎಷ್ಟು ಬೇಗ ಇಳಿಯುತ್ತದೆಂದು ನೋಡಿ ಗುರುತ್ವ ಕೇಂದ್ರವನ್ನು ಹಿಂದೆ ಮುಂದೆ ಸರಿಸಬೇಕು.

ಕಾರಣದಿಂದ ಕಾರ್ಯದವರೆಗಿನ ದಾರಿಯನ್ನು ಹೀಗೆ ಮೊದಲಿನಿಂದ ಕೊನೆಯ ತನಕ ನಡೆದು ನೋಡುವುದೇ ಪರಿಕ್ರಯಕ್ಕೆ ಒಳಪಡದ ಸಂಸ್ಕಾರ ಎಂದು ಹೇಳಬಹುದು. ಅಂಟು ಹಚ್ಚುವುದು, ತೀಡುವುದು, ಬಣ್ಣ ಬಳಿಯುವುದು ಇವನ್ನು ಕೂಲಿಗೆ ಮಾಡಿಸಬಹುದು, ಮಾಡಿಸಿದರೆ ಫಲಕ್ಕೆ ಕುಂದಿಲ್ಲ. ಆದರೆ ಈ ಡೊಂಕಿಗೆ ಆ ನಿರ್ಧಾರ ಕಾರಣ ಎಂಬ ಅರಿವು ನಿರ್ಧಾರ ಮಾಡಿದವನಲ್ಲಿ ಮಾತ್ರ ಹುಟ್ಟುತ್ತದೆ.

ಈ ಅರಿವು ಕಟ್ಟಿದವನನ್ನು ಯಾವ ಬಗೆಯ ಕರ್ತೃವನ್ನಾಗಿ ಮಾಡುತ್ತದೆ ಎಂಬುದು ಮುಂದಿನ ವಿಚಾರ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವಾತ್ಮನ ಕರ್ತೃತ್ವವನ್ನು ಚರ್ಚಿಸುವಾಗ ಸೂತ್ರಕಾರರು ಬಡಗಿಯ ದೃಷ್ಟಾಂತವನ್ನೇ ಕೊಡುತ್ತಾರೆ, ಮತ್ತು ಮೂವರು ಆಚಾರ್ಯರು ಆ ಒಬ್ಬ ಬಡಗಿಯಲ್ಲಿ ಮೂರು ಬೇರೆ ಬೇರೆ ಮನುಷ್ಯರನ್ನು ಕಂಡಿದ್ದಾರೆ. ಶಂಕರರ ಬಡಗಿ ಉಳಿ ಬಾಚಿಗಳನ್ನು ಹಿಡಿದಾಗ ಕರ್ತೃ, ಆಗ ಅವನಿಗೆ ದುಡಿಮೆಯ ಬೇನೆಯೂ ಉಂಟು; ಮನೆಗೆ ಬಂದು ಉಪಕರಣಗಳನ್ನು ಕೆಳಗಿಟ್ಟಾಗ ಅವನು ಸ್ವಸ್ಥ, ನಿರ್ವ್ಯಾಪಾರ. ಆತ್ಮನೂ ಬುದ್ಧಿ ಇಂದ್ರಿಯಗಳೆಂಬ ಉಪಾಧಿಯೊಡನೆ ಕರ್ತೃ, ತನ್ನ ಸ್ವರೂಪದಲ್ಲಿ ಅಕರ್ತೃ. ರಾಮಾನುಜರ ಬಡಗಿ ಉಪಕರಣಗಳು ಕೈಯಲ್ಲಿದ್ದರೂ ಇಷ್ಟವಿದ್ದಾಗ ಕೆಲಸ ಮಾಡುತ್ತಾನೆ, ಇಲ್ಲದಾಗ ಮಾಡುವುದಿಲ್ಲ. ಕರ್ತೃತ್ವ ಇಚ್ಛೆಯಲ್ಲಿದೆ, ಇಚ್ಛೆಯುಳ್ಳ ಆತ್ಮನೇ ನಿಜವಾದ ಕರ್ತೃ. ಉಡುಪಿಯ ಮಧ್ವರ ಬಡಗಿ ನಿಜವಾಗಿಯೂ ಕೆಲಸ ಮಾಡುವವನೇ, ಆದರೆ ಮಾಡಿಸುವವನೊಬ್ಬನ ನಿಯಮನಕ್ಕೆ ಒಳಪಟ್ಟವನು. ಜೀವಾತ್ಮನ ಕರ್ತೃತ್ವ ಸತ್ಯ, ಆದರೆ ಪರಾಧೀನ.

ಈ ಮೂರರಲ್ಲಿ ವಿಮಾನ ಕಟ್ಟುವವನ ಅನುಭವಕ್ಕೆ ಯಾವುದು ಹೊಂದುತ್ತದೆ ಎಂದು ಕೇಳುವುದು ಮೋಕ್ಷಶಾಸ್ತ್ರದ ತೀರ್ಮಾನವಾಗದು, ಆದರೂ ಕೇಳತಕ್ಕ ಪ್ರಶ್ನೆ. ರಾಮಾನುಜರು ಒತ್ತಿ ಹೇಳುವ ಇಚ್ಛೆ ಇಲ್ಲದೆ ನಕ್ಷೆಯ ಮೊದಲ ಗೆರೆಯೂ ಬೀಳದು, ಇದು ನಿಸ್ಸಂದೇಹ. ಶಂಕರರ ನಿಲುವಿನಲ್ಲಿ ಆಳವಾದ ಸಮಾಧಾನವಿದೆ, ಆದರೆ ರೆಕ್ಕೆಯ ಕೀಲು ಹಾರಾಟದ ನಡುವೆ ಬಿಟ್ಟುಕೊಂಡು ವಿಮಾನ ನೆಲಕ್ಕಪ್ಪಳಿಸಿದಾಗ, ಅಂಟನ್ನು ಸರಿಯಾಗಿ ಒಣಗಲು ಬಿಡದಿದ್ದವನು ತಾನು ಸ್ವರೂಪತಃ ಅಕರ್ತೃ ಎಂದು ಹೇಳಿಕೊಳ್ಳುವುದು ಆ ಸಿದ್ಧಾಂತದ ದುರುಪಯೋಗವಾದೀತು. ಶಂಕರರೇ ಅದನ್ನು ಒಪ್ಪರು, ವ್ಯವಹಾರದ ನೆಲೆಯಲ್ಲಿ ಉಳಿ ಹಿಡಿದವನು ಕರ್ತೃವೇ. ಹಾಗೆಂದು ಪೂರ್ಣ ಸ್ವಾತಂತ್ರ್ಯವನ್ನು ಆರೋಪಿಸುವಂತೆಯೂ ಇಲ್ಲ. ಮರದ ಎಳೆ ಸಾಗುವ ದಿಕ್ಕನ್ನು ಅವನು ನಿರ್ಮಿಸಲಿಲ್ಲ, ಗಾಳಿ ರೆಕ್ಕೆಯ ಮೇಲೆ ಹರಿಯುವ ಧರ್ಮವನ್ನು ಅವನು ವಿಧಿಸಲಿಲ್ಲ. ಮಧ್ವಮತದಲ್ಲಿ ಈಶ್ವರನೂ ಜಗತ್ತಿಗೆ ನಿಮಿತ್ತಕಾರಣ ಮಾತ್ರ, ಅಂದರೆ ರೂಪಿಸುವವನು, ಜಗತ್ತು ಅವನಿಂದಲೇ ಆದ ದ್ರವ್ಯವಲ್ಲ ಎಂಬ ನಿಲುವು ಇರುವಾಗ, ಮನುಷ್ಯನಾದ ನಿರ್ಮಾತೃ ಅದಕ್ಕಿಂತ ಹೆಚ್ಚನ್ನು ಹೇಳಿಕೊಳ್ಳಲಾರ. ಮಾಡಿದ್ದು ನಿಜ, ಮಾಡಲು ಒದಗಿದ್ದೆಲ್ಲವೂ ಬೇರೆಡೆಯಿಂದ ಬಂದದ್ದು. ಪರಾಧೀನವಾದ ನಿಜ ಕರ್ತೃತ್ವ ಎಂಬ ಮಧ್ವರ ನಿರೂಪಣೆ ಬಡಗಿಯ ಮೇಜಿನ ಮೇಲೆ ನಡೆಯುವುದನ್ನು ಅತ್ಯಂತ ಪ್ರಾಮಾಣಿಕವಾಗಿ ವರ್ಣಿಸುತ್ತದೆ ಎಂಬುದು ಈ ಲೇಖನದ ನಿಲುವು.

ಗೀತೆಯ ಹದಿನೆಂಟನೆಯ ಅಧ್ಯಾಯ ಎಲ್ಲ ಕರ್ಮಗಳ ಸಿದ್ಧಿಗೆ ಐದು ಕಾರಣಗಳನ್ನು ಎಣಿಸುವಾಗಲೂ ಇದೇ ಸಮತೋಲ ಕಾಣುತ್ತದೆ. ಆಶ್ರಯವಾದ ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು ಅಂದರೆ ಉಪಕರಣಗಳು, ಬೇರೆ ಬೇರೆ ಚೇಷ್ಟೆಗಳು, ಐದನೆಯದಾಗಿ ದೈವ. ಇಷ್ಟಿದ್ದೂ ತನ್ನೊಬ್ಬನನ್ನೇ ಕರ್ತೃವೆಂದು ಕಾಣುವವನ ಬುದ್ಧಿ ಪಕ್ವವಾಗಿಲ್ಲ ಎಂಬುದು ಅಲ್ಲಿಯ ಮಾತು. ಕರ್ತೃವನ್ನು ಪಟ್ಟಿಯಿಂದ ತೆಗೆದುಹಾಕಿಲ್ಲ, ಒಬ್ಬಂಟಿಯಾಗಿಯೂ ಬಿಟ್ಟಿಲ್ಲ. ಸ್ಪರ್ಧೆಯ ದಿನ ಕ್ರಮಸಂಖ್ಯೆ ಬಂದಾಗ ಅಡ್ಡಗಾಳಿ ಏಳುವುದು, ಮುಂಚಿನ ಸ್ಪರ್ಧಾಳುವಿಗೆ ಗಾಳಿ ನಿಂತಿರುವುದು ದೈವಕ್ಕೆ ಸೇರಿದ್ದು, ಅದನ್ನು ಯಾವ ನಕ್ಷೆಯೂ ಬಗೆಹರಿಸದು.

ಇಲ್ಲಿ ಶರಣರ ಕಾಯಕತತ್ತ್ವ ಒಂದು ಗಂಭೀರವಾದ ಆಕ್ಷೇಪವನ್ನು ಎತ್ತಬಹುದು. ಕಾಯಕಕ್ಕೆ ದಾಸೋಹ ಜೊತೆಗೂಡಬೇಕು, ದುಡಿಮೆಯ ಫಲ ಸಮುದಾಯಕ್ಕೆ ಸಲ್ಲಬೇಕು. ಪದಕಕ್ಕಾಗಿ ಕಟ್ಟಿದ ವಿಮಾನ ಯಾರ ಹಸಿವನ್ನೂ ನೀಗದು. ಆಕ್ಷೇಪವನ್ನು ಅಲ್ಲಗಳೆಯಲಾಗದು. ಆದರೆ ಈ ಕ್ರೀಡೆಯ ಇತಿಹಾಸದಲ್ಲಿ ಹಂಚಿಕೊಳ್ಳುವ ಒಂದು ಸಂಪ್ರದಾಯವೂ ಬೆಳೆದು ಬಂದಿದೆ. 1960ರಲ್ಲಿ ಸ್ವಿಟ್ಜರ್ಲೆಂಡ್‌ನ ಡ್ಯೂಬೆಂಡಾರ್ಫ್‌ನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಅಮೆರಿಕದ ಎಡ್ ಕಾಜ್ಮಿರ್ಸ್ಕಿ ತಾವೇ ವಿನ್ಯಾಸಗೊಳಿಸಿದ ಒರಾಯನ್ ಎಂಬ ವಿಮಾನವನ್ನು ಹಾರಿಸಿದ್ದರು. ಆಗಿನ ರೇಡಿಯೋದಲ್ಲಿ ಸ್ಟಿಕ್ ಸರಿದಷ್ಟೇ ರೆಕ್ಕೆಯಂಚು ಸರಿಯುವ ಸೌಲಭ್ಯವೂ ಇರಲಿಲ್ಲ, ಗುಂಡಿ ಒತ್ತಿದರೆ ಪೂರ್ತಿ, ಬಿಟ್ಟರೆ ಇಲ್ಲ. ಅವರ ಮುಂದಿನ ವಿನ್ಯಾಸವಾದ ಟಾರಸ್ ಕಿಟ್ ರೂಪದಲ್ಲಿ ಮಾರಾಟಕ್ಕೆ ಬಂದು ಇತರರ ಮೇಜುಗಳ ಮೇಲೂ ಕಟ್ಟಲ್ಪಟ್ಟಿತು. ಹಲವು ಬಾರಿ ವಿಶ್ವ ಚಾಂಪಿಯನ್ ಆದ ಆಸ್ಟ್ರಿಯಾದ ಹಾನೋ ಪ್ರೆಟ್ನರ್ ತಮ್ಮ ಕ್ಯುರಾರೆ ವಿಮಾನದಿಂದ 1970ರ ದಶಕದ ವಿನ್ಯಾಸದ ದಿಕ್ಕನ್ನೇ ಬದಲಿಸಿದರು, ಅದನ್ನೂ ಬೇರೆಯವರು ಕಟ್ಟಿ ಹಾರಿಸಿದರು. ದಾಸೋಹದ ಪೂರ್ಣಾರ್ಥ ಇದಕ್ಕೆ ಸಲ್ಲದಿದ್ದರೂ, ತಾನು ಪಡೆದ ಅರಿವನ್ನು ಬಚ್ಚಿಡದೆ ಹಂಚುವುದು ಆ ದಿಕ್ಕಿನ ನಡೆಯೇ. ಹನ್ನೊಂದನೆಯ ಶತಮಾನದ ಸಮರಾಂಗಣ ಸೂತ್ರಧಾರದಲ್ಲಿ ಭೋಜರಾಜ ಮರದ ಹಾರುವ ಯಂತ್ರವನ್ನು ವರ್ಣಿಸಿ, ಗುಟ್ಟು ಕಾಯುವ ಸಲುವಾಗಿ ರಚನೆಯ ವಿವರವನ್ನು ಪೂರ್ತಿ ಕೊಡಲಿಲ್ಲ ಎಂದು ಹೇಳಿರುವುದಕ್ಕೆ ಹೋಲಿಸಿದರೆ ನಕ್ಷೆ ಹಂಚುವ ರೂಢಿಯ ಬೆಲೆ ಹೆಚ್ಚಾಗಿ ಕಾಣುತ್ತದೆ.

ಹೀಗಿರುವಾಗ ಹಳೆಯ ಕಟ್ಟಳೆಯನ್ನು ಮರಳಿ ತರಬೇಕೆಂದು ವಾದಿಸುವ ಅಗತ್ಯವಿಲ್ಲ. ಪರಿಕ್ರಯ ಧರ್ಮಬಾಹಿರವಲ್ಲ, ಮತ್ತು ಯಾರ ಕೈ ಎಲ್ಲಿ ಆಡಿತೆಂದು ಪರಿಶೀಲಿಸುವುದು ಅಸಾಧ್ಯವಾದ ಕೆಲಸ. ಆದರೆ ಪರಿಕ್ರಯದಲ್ಲಿಯೂ ಋತ್ವಿಜನ ಹೆಸರು ಅಳಿದುಹೋಗುವುದಿಲ್ಲ. ಯಾಗಕ್ಕೆ ಮುನ್ನ ಹೋತೃ, ಅಧ್ವರ್ಯು, ಉದ್ಗಾತೃ, ಬ್ರಹ್ಮ ಇವರನ್ನು ವಿಧಿಪೂರ್ವಕ ವರಿಸಲಾಗುತ್ತದೆ, ಅವರ ಸ್ಥಾನ ಎಲ್ಲರ ಎದುರು ಘೋಷಿತವಾಗುತ್ತದೆ. ಕಸರತ್ತು ವಿಮಾನಗಳ ಸ್ಪರ್ಧೆಗಳನ್ನು ನಡೆಸುವವರು ಅಂಕಪಟ್ಟಿಯಲ್ಲಿ ಹಾರಿಸಿದವನ ಹೆಸರಿನ ಪಕ್ಕದಲ್ಲಿ ವಿಮಾನದ ವಿನ್ಯಾಸಕನ ಹೆಸರಿಗೂ ಒಂದು ಅಂಕಣವನ್ನು ಬಿಡಬೇಕು, ಮತ್ತು ಸ್ವಂತ ವಿನ್ಯಾಸದಿಂದ ಗೆದ್ದವರು ತಮ್ಮ ನಕ್ಷೆಯನ್ನು ಪ್ರಕಟಿಸುವಾಗ ಅಳತೆಗಳ ಜೊತೆಗೆ ಆ ಅಳತೆಗಳಿಗೆ ಬಂದ ಕಾರಣಗಳನ್ನೂ ಬರೆದಿಡಬೇಕು.